ಎಲುಬು ಮುರಿಯುವುದಿಲ್ಲ ಎಂದಿದ್ದೆ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ನಿನ್ನೆ ಒಣಗಿದ ಬಟ್ಟೆ ಮಡಚಿಟ್ಟೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಗ್ಯಾಸ್ ಬುಕ್ ಮಾಡಿದೆ. ತರಬೇತಿ ಕೊಡುವ ರಬ್ಬರ್ ಗೊಂಬೆಯ ಮುಖವನ್ನು ಸ್ಪಿರಿಟ್ ಹಚ್ಚಿ ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಎರಡು ಖಾಲಿ ಫಾರಂ ಚೀಲಕ್ಕೆ ಹಾಕಿಕೊಂಡು ಚಾಮರಾಜನಗರದಿಂದ ಗುಂಡ್ಲುಪೇಟೆ ಬಸ್ಸು ಹತ್ತಿದೆ, ಅಲ್ಲಿಂದ ಆಟೊದಲ್ಲಿ ಭೀಮನಬೀಡಿಗೆ ಹೋಗಿ ಒಂದು ಮನೆಯವರನ್ನು ಕಂಡು ಬಂದೆ. ಆ ಕೊನೆಯ ಕೆಲಸವೊಂದನ್ನು ಬಿಟ್ಟು ಉಳಿದವೆಲ್ಲ ಸಲೀಸಾಗಿ ಆದವು.

ನಾನು ಡಾಕ್ಟರು, ಆದರೆ ಔಷಧದ ಚೀಟಿ ಬರೆಯುವುದನ್ನು ಬಿಟ್ಟು ಬಹಳ ವರ್ಷವಾಯಿತು. ಇದ್ದಕ್ಕಿದ್ದಂತೆ ಹೃದಯ ನಿಂತು ಬಿದ್ದವರ ಬಗ್ಗೆ ನನ್ನ ಸಂಶೋಧನೆ. ಮೊದಲು ಮೈಸೂರಿನ ಒಂದು ಆಸ್ಪತ್ರೆಯ ತುರ್ತು ಘಟಕದಲ್ಲಿದ್ದೆ. ಅಲ್ಲಿಗೆ ಹಳ್ಳಿಗಳಿಂದ ಬರುತ್ತಿದ್ದವರು ಬರುವ ಹೊತ್ತಿಗೇ ತಣ್ಣಗಾಗಿರುತ್ತಿದ್ದರು. ಸರಕಿನ ಗಾಡಿಯಲ್ಲಿ ಟೊಮೆಟೊ ಕ್ರೇಟಿನ ನಡುವೆ, ಇಬ್ಬರ ತೋಳಿಗೆ ಒರಗಿಸಿ, ಕುಳ್ಳಿರಿಸಿಕೊಂಡು ತಂದಿರುತ್ತಿದ್ದರು. ಬಿದ್ದ ಜಾಗದಲ್ಲೇ ನೆಲಕ್ಕೆ ಮಲಗಿಸಿ ಯಾರಾದರೂ ಎದೆಯನ್ನು ಒತ್ತುತ್ತಿದ್ದರೆ ಮಿದುಳಿಗೆ ಒಂದಿಷ್ಟು ರಕ್ತ ಹೋಗುತ್ತದೆ. ಎಲ್ಲರೂ ಅಲ್ಲ, ಕೆಲವರು ಉಳಿಯುತ್ತಾರೆ. ಹಾಗಾಗಿ ಆಸ್ಪತ್ರೆಯ ಬಾಗಿಲಿಂದ ಹಿಂದಕ್ಕೆ, ಬಿದ್ದ ಅಂಗಳದವರೆಗೆ ನನ್ನ ಕೆಲಸ ಸರಿದುಹೋಯಿತು. ಊರೂರಿಗೆ ಹೋಗಿ ಒತ್ತುವುದನ್ನು ಕಲಿಸುತ್ತೇನೆ. ಆಮೇಲೆ ಯಾರಾದರೂ ಸತ್ತರೆ ಕಾರ್ಯ ಮುಗಿದ ಮೇಲೆ ಆ ಮನೆಗೆ ಹೋಗಿ, ಏನು ಮಾಡಿದಿರಿ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ನಾನು ಕಾಫಿ ಕುಡಿದ ಮನೆಗಳಲ್ಲಿ ಹೆಚ್ಚಿನವು ಸಾವಾದ ಮನೆಗಳೇ.

ಭೀಮನಬೀಡಿನಲ್ಲಿ ತರಬೇತಿ ಕೊಟ್ಟದ್ದು ಹೋದ ಬೇಸಗೆಯಲ್ಲಿ, ಶಾಲೆಯ ಜಗುಲಿಯಲ್ಲಿ. ಸ್ತ್ರೀಶಕ್ತಿ ಸಂಘದ ಹೆಂಗಸರು ಗೊಂಬೆಯ ಸುತ್ತ ಕೂತಿದ್ದರು. ಸೊಂಟದ ಮೇಲಿನ ಭಾಗ ಮಾತ್ರ ಇರುವ ಗೊಂಬೆ ಅದು.

‘ಇದ್ಕ ಕಾಲೇ ಇಲ್ವಲ್ಲ ಡಾಕ್ಟ್ರಮ್ಮ’ ಅಂದಳು ಒಬ್ಬಳು.

‘ಒಳ್ಳೇದೇ ಆಯ್ತು ಬುಡು. ಕಾಲಿಲ್ದಿದ್ರ ಬ್ರಾಂದಿ ಅಂಗ್ಡಿಗ ಓಗಕಿಲ್ಲ’ ಅಂದಳು ಇನ್ನೊಬ್ಬಳು. ‘ನಮ್ಮನೇದ್ನೂ ಇಂಗೇ ಮಾಡ್ಕೊಡಿ ಅತ್ಲಾಗಿ.’

ಎಲ್ಲರೂ ನಕ್ಕರು. ನಗದೆ ನೋಡುತ್ತಿದ್ದವಳು ಒಬ್ಬಳೇ, ಮೂವತ್ತರ ಆಸುಪಾಸಿನ ಸೊಸೆ. ಸರದಿ ಬಂದಾಗ ಸೆರಗು ಸಿಕ್ಕಿಸಿ, ಮೊಣಕಾಲೂರಿ, ಎರಡೂ ಅಂಗೈ ಜೋಡಿಸಿ ಒತ್ತಿದಳು. ಸರಿಯಾದ ಆಳಕ್ಕೆ ಹೋದರೆ ಗೊಂಬೆ ಟಿಕ್ ಅನ್ನುತ್ತದೆ. ಅವಳ ಪ್ರತಿ ಒತ್ತಿಗೂ ಟಿಕ್ ಅಂದಿತು. ನಿಲ್ಲಿಸಿ ಕೇಳಿದಳು:

‘ಅಕ್ಕಾ, ಇಷ್ಟು ಜೋರಾಗಿ ಒತ್ತುದ್ರ ಎಲುಬು ಮುರ್ಯಕಿಲ್ವಾ?’

‘ಮುರಿಯಲ್ಲಮ್ಮ. ಧೈರ್ಯವಾಗಿ ಒತ್ತು’ ಅಂದೆ.

ಅದು ಸುಳ್ಳು. ಸರಿಯಾಗಿ ಒತ್ತಿದರೆ ಪಕ್ಕೆಲುಬು ಮುರಿಯಬಹುದು, ವಯಸ್ಸಾದವರದ್ದಂತೂ ಮುರಿಯುವುದೇ ಹೆಚ್ಚು. ಮುರಿದರೂ ನಿಲ್ಲಿಸಬಾರದು. ಶುರುವಿನಲ್ಲಿ ಹಾಗೆಂದೇ ಹೇಳುತ್ತಿದ್ದೆ. ಒಮ್ಮೆ ಉಮ್ಮತ್ತೂರಿನಲ್ಲಿ ಇದನ್ನು ಹೇಳಿದ್ದೇ ತಡ, ಅಲ್ಲಿದ್ದವರ ಕೈಗಳು ಹಗುರವಾಗಿಬಿಟ್ಟವು. ಹಿಟ್ಟು ತಟ್ಟಿದಂತೆ ಗೊಂಬೆಯನ್ನು ಮುಟ್ಟಿ ಎದ್ದುಹೋದರು. ಒಂದು ಅಜ್ಜಿಯಂತೂ, ‘ಸಾಯೋರ್ ಎಲುಬ್ನೂ ಮುರ್ದು ಕಳಿಸ್ಬೇಕವ್ವಾ?’ ಅಂತ ಕೇಳಿತು. ಆವತ್ತಿನಿಂದ ನಾನು ಮುರಿಯುವುದಿಲ್ಲ ಎನ್ನತೊಡಗಿದೆ. ಒತ್ತಲಿ ಅಂತ. ಯಾರಿಗೂ ಗೊತ್ತಾಗಲಿಲ್ಲ, ನನ್ನ ಸಂಶೋಧನಾ ವಿಭಾಗದವರಿಗೂ ಹೇಳಲಿಲ್ಲ.

ಆ ಸೊಸೆಯ ಮಾವ ಹೋದ ತಿಂಗಳು ಅಂಗಳದಲ್ಲಿ ಅರಿಶಿನ ಹರಡುತ್ತಿದ್ದವರು ಹಾಗೇ ಮಗುಚಿಕೊಂಡರು. ಎದೆ ಒತ್ತಿದವಳು ಅವಳೇ. ಮಾವನನ್ನು ಮುಟ್ಟಿಯೂ ಗೊತ್ತಿಲ್ಲದವಳು. ಜೀವ ಉಳಿಯಲಿಲ್ಲ.

ಆಸ್ಪತ್ರೆಯಿಂದ ದೇಹವನ್ನು ಮನೆಗೆ ತಂದು ಕೂರಿಸಿದರು. ಅವರದು ಲಿಂಗಾಯತರ ಮನೆ, ನಮ್ಮದೂ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಸಮಾಧಿಯಲ್ಲೂ ಕೂತೇ ಇರಬೇಕು. ವಾಲದ ಹಾಗೆ ಕಂಕುಳಡಿ ಬಟ್ಟೆ ಹಾಯಿಸಿ ಬಿಗಿಯುತ್ತಾರೆ. ತೀರಿಕೊಂಡವರ ತಮ್ಮ ಹಾಗೆ ಬಿಗಿಯುವಾಗ ಎದೆಯೊಳಗೆ ಲಟಲಟ ಅಂದಿತಂತೆ. ಪಡಸಾಲೆಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮಲಗಿಸಿ ಒಯ್ಯುವವರಾಗಿದ್ದರೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನನ್ನ ತಂದೆಯನ್ನು ಕೂರಿಸುವಾಗ ನಾನು ಅಲ್ಲೇ ನಿಂತಿದ್ದೆ, ಬಟ್ಟೆ ಬಿಗಿದದ್ದನ್ನು ಕಣ್ಣಾರೆ ನೋಡಿದ್ದೆ. ಆದರೂ ಇಷ್ಟು ವರ್ಷದಲ್ಲಿ ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಸೊಸೆ ಮಾವನ ಎದೆ ಮುರಿದು ಕೊಂದಳು ಎಂದು ಊರಲ್ಲಿ ಮಾತಾಯಿತು. ಮೊನ್ನೆ ಅಲ್ಲಿನ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ‘ಮೇಡಂ, ಅವ್ಳು ಮಾಡಿದ್ ಅಡ್ಗೆಯ ಮನೇಲಿ ಯಾರೂ ಉಣ್ತಿಲ್ಲ. ಗಂಡ ಲಾರಿ ತಕ್ಕಂಡು ಕೇರಳಕ್ಕೋಗವ್ನ. ತೌರಿಗ ಕಳಿಸ್ಬುಡ್ತಾರ ಅಂತವ್ರ. ನೀವೊಂದ್ಸಲ ಬಂದು ಏಳಿ.’

ಹೇಳುವುದಕ್ಕೆಂದೇ ಇವತ್ತು ಹೋದದ್ದು. ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಫಾರಂ ತುಂಬಬೇಕಿತ್ತು. ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತೆವು. ಬಿದ್ದದ್ದು ಎಲ್ಲಿ, ಮೊದಲು ನೋಡಿದ್ದು ಯಾರು, ಒತ್ತಲು ಶುರು ಮಾಡಿದ್ದು ಯಾವಾಗ ಎಂದೆಲ್ಲ ಕೇಳಿದೆ. ಮೆಲ್ಲಗೆ, ತಪ್ಪಿಲ್ಲದೆ ಹೇಳಿದಳು. ಎಷ್ಟು ಹೊತ್ತು ಒತ್ತಿದೆ ಅಂದಾಗ ಕೊಟ್ಟಿಗೆಯ ಕಡೆ ನೋಡಿದಳು.

‘ಗಾಡಿ ಬರೋಗಂಟ ಒತ್ತಿದೆಯಾ?’

‘ಇಲ್ಲ ಕನಕ್ಕ. ಲಟಕ್ಕಂತ ಅಂತು. ಮುರ್ಯಕಿಲ್ಲ ಅಂದಿದ್ರಲ್ಲ ನೀವು. ಮುರೀತಲ್ಲ, ನಾನೇ ತೆಪ್ಪಾಗಿ ಒತ್ಬುಟ್ಟಿ ಅಂದ್ಕಂಡು ಕೈ ಬುಟ್ಬುಟ್ಟಿ. ಗಾಡಿ ಆಮೇಕ ಬಂತು.’

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಬುಡ್ಬಾರ್ದಿತ್ತಾ?’

ಈ ಪ್ರಶ್ನೆಗೆ ಇನ್ನೊಂದು ಸುಳ್ಳು ಹೇಳುವುದು ಸುಲಭವಿತ್ತು. ‘ಬಿಡಬಾರದಿತ್ತು’ ಅಂದೆ. ‘ಎಲುಬು ಮುರಿದರೂ ಒತ್ತಬೇಕು. ಅದನ್ನ ನಿನಗೆ ನಾನು ಹೇಳಲಿಲ್ಲ. ನೀನು ಹೆದರ್ತೀಯ ಅಂತ ಮುರಿಯಲ್ಲ ಅಂದೆ. ತಪ್ಪು ನಂದು.’

‘ಒತ್ತಿದ್ರ ಉಳೀತಿದ್ರಾ?’

‘ಗೊತ್ತಿಲ್ಲ. ಒತ್ತಿದವರಲ್ಲೂ ಬಹಳ ಜನ ಉಳಿಯಲ್ಲ.’

ಅವಳು ಅಳಲಿಲ್ಲ. ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಒದ್ದೆಯಾಗಿದ್ದಂತೆ. ‘ನಾ ಕೈ ಬುಟ್ಟಿದ್ದ ಒಳಗ ಏಳ್ಬೇಡಿ’ ಅಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಒಳಗೆ ಪಡಸಾಲೆಯಲ್ಲಿ ಅವಳ ಅತ್ತೆಯೂ ತೀರಿಕೊಂಡವರ ಆ ತಮ್ಮನೂ ಕೂತಿದ್ದರು. ಸೊಸೆ ಬಾಗಿಲ ಮರೆಯಲ್ಲಿ ನಿಂತಳು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವರು ಬಿದ್ದಾಗಲೇ ಹೃದಯ ನಿಂತಿತ್ತು, ಎಲುಬು ಮುರಿದದ್ದರಿಂದ ಜೀವ ಹೋಗಲಿಲ್ಲ, ಸರಿಯಾಗಿ ಒತ್ತಿದ್ದಕ್ಕೇ ಮುರಿದದ್ದು, ನಾನು ಒತ್ತಿದ್ದರೂ ಮುರಿಯುತ್ತಿತ್ತು ಎಂದೆ. ಮುರಿಯುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ ಎಂದೂ ಹೇಳಿದೆ.

ತಮ್ಮನಾದವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ‘ಗೊತ್ತಿದ್ದೂ ಏಳ್ನಿಲ್ವಾ ನೀವು?’

‘ಹೇಳಲಿಲ್ಲ.’

‘ಓದ್ದೋರು ಇಂಗ್ ಮಾಡುದ್ರ, ಓದ್ದೆ ಇರೋರು ಯಾರ್ ಮಾತ ನಂಬದು?’

ಇಷ್ಟು ಹೇಳಿ ಅವರು ಎದ್ದು ಹೊರಗೆ ಹೋದರು. ಅತ್ತೆ ಮಾತ್ರ ಉಳಿದರು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ನನ್ನ ಕಡೆ ತಿರುಗಿ ಮಾತಾಡಿದರು.

‘ಅವ್ಳ ತೆಪ್ಪಿಲ್ಲ ಅಂತ ನಂಗೂ ಗೊತ್ತಾಯ್ತದ ಕನವ್ವ. ನಾವೆಲ್ಲಾ ನಿಂತ್ಕಂಡು ಬಡ್ಕತಿದ್ದೊ, ಅವ್ಳೊಬ್ಳೇ ಮುಟ್ಟಿದ್ದು. ತೌರಿಗ ಕಳ್ಸಕಿಲ್ಲ, ಮನೇಲೇ ಇರ್ಲಿ.’ ಆಮೇಲೆ ಸೀರೆಯ ಅಂಚನ್ನು ಮಡಿಸುತ್ತ, ದನಿ ಇಳಿಸಿ, ‘ಆದ್ರ ಅವ್ಳು ತಟ್ಟ ಮುಂದ್ಕಿಟ್ರ ಆ ಸಬ್ದ ಕೇಳ್ದಂಗಾಯ್ತದ. ಗಂಟ್ಲಲ್ಲಿ ಇಳ್ಯಕಿಲ್ಲ. ನಾ ಯಾನ್ ಮಾಡ್ಲಿ, ಏಳು.’

ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಸೊಸೆ ಹಿತ್ತಲಿಗೆ ಹೋದಳು. ನಾನು ಹೊರಡುವಾಗ ದನಕ್ಕೆ ಹುಲ್ಲು ಹಾಕುತ್ತಿದ್ದಳು. ಬತ್ತೀನಿ ಅಂದರೆ ತಲೆ ಆಡಿಸಿದಳು, ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಕೂತು ಫಾರಂ ಮುಗಿಸಿದೆ. ಒತ್ತುವುದನ್ನು ನಿಲ್ಲಿಸಿದ ಕಾರಣ ಎಂಬಲ್ಲಿ ಅಚ್ಚಾಗಿರುವುದು ದಣಿವು, ವಾಹನ ಬಂತು, ಬೇರೆಯವರು ತಡೆದರು, ಇತರೆ. ಇತರೆಯ ಮುಂದೆ, ತರಬೇತಿ ಕೊಟ್ಟ ವೈದ್ಯೆ ಸುಳ್ಳು ಹೇಳಿದ್ದರು ಎಂದು ಬರೆದು ಸಹಿ ಹಾಕಿದೆ. ಅದನ್ನು ನಾಳೆ ವಿಭಾಗದ ಮುಖ್ಯಸ್ಥರ ಕೈಗೆ ನಾನೇ ಕೊಡಬೇಕು. ಇದೇ ಮಾತನ್ನು ಕೇಳಿ ಒತ್ತಲು ಕಲಿತವರು ಇನ್ನೆಷ್ಟು ಊರುಗಳಲ್ಲಿದ್ದಾರೆ ಎಂದು ನೆನಪಿಸಿಕೊಳ್ಳತೊಡಗಿ, ಬೇಗೂರಿನ ಹೆಸರಿಗೆ ಬಂದಾಗ ಎಣಿಸುವುದನ್ನು ಬಿಟ್ಟುಬಿಟ್ಟೆ. ಆ ಊರುಗಳಿಗೆಲ್ಲ ಮತ್ತೆ ಹೋಗಬೇಕು.

ಮನೆಗೆ ಬಂದಾಗ ಯಜಮಾನರೇ ಅಡುಗೆ ಮಾಡಿಟ್ಟಿದ್ದರು. ‘ಏನಂದ್ರು?’ ಎಂದು ಕೇಳಿದರು. ‘ಮನೆಯಲ್ಲಿ ಇಟ್ಕೋತಾರಂತೆ, ಅವಳ ಕೈಯಲ್ಲಿ ಉಣ್ಣಲ್ಲವಂತೆ’ ಅಂದೆ. ಅವರು ತಟ್ಟೆ ಹಾಕಿದರು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಸುಟ್ಟ ಹಪ್ಪಳ. ನಾನು ಅರ್ಧ ಮುದ್ದೆ ಬಿಟ್ಟೆ. ಅದನ್ನು ಅವರು ಮಜ್ಜಿಗೆಗೆ ಕಿವುಚಿಕೊಂಡು ಕುಡಿದು, ಪಾತ್ರೆ ತೊಳೆದಿಟ್ಟು, ನನಗಿಂತ ಮೊದಲೇ ಮಲಗಿದರು.