ಸೊಂಟವಿದ್ದ ಮೀನು, ಪಂತಾನ ಹರಕೆ

ನಮ್ಮ ಬೆಟ್ಟಸೀಮೆ ಪಾಂಗ್‌ಮಫಾದ ಗುಹೆಗಳಲ್ಲಿ ಲಾಟೀನು ಹಿಡಿದು ಜನರನ್ನು ಒಳಗೆ ಕರೆದೊಯ್ಯುವವರ ಪೈಕಿ ನಮ್ಮ ಪಕ್ಕದ ಮನೆಯ ಪಂತಾನಷ್ಟು ಹಳಬ ಇನ್ನೊಬ್ಬನಿಲ್ಲ. ಅವನು ಈ ಕೆಲಸ ಹಿಡಿದಾಗ ಗುಹೆಯ ಚಾವಣಿಯಿಂದ ಇಳಿಬಿದ್ದ ಕಲ್ಲುಗಳು ಇನ್ನೂ ಮೊಳಕೆಯಲ್ಲಿದ್ದವು, ನಾನೇ ಕಂಡಿದ್ದೇನೆ.

ಅವನ ಹೆಂಡತಿ ನಾಂಗ್ ಸೇಂಗ್ ಬೆಳ್ಳುಳ್ಳಿ ಗದ್ದೆಯ ಬದುವಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಆದರೂ ಅವಳು ಚಾಪೆ ಬಿಟ್ಟೇಳಲಿಲ್ಲ. ಪಂತಾ ಊರಿನ ಬೌದ್ಧ ವಿಹಾರಕ್ಕೆ ಹೋಗಿ ಹರಕೆ ಹೊತ್ತ: ಸೇಂಗ್ ನಡೆಯುವ ತನಕ, ನಡೆಯುವ ಯಾವ ಪ್ರಾಣಿಯನ್ನೂ ತಿನ್ನುವುದಿಲ್ಲ. ಹಂದಿ ಬಿಟ್ಟ, ಕೋಳಿ ಬಿಟ್ಟ. ಮೀನು ಬಿಡಲಿಲ್ಲ. ನಾಲ್ಕು ತಿಂಗಳು ಅವನು ತಿಂದ ಮೀನಿಗೆ ಹೊಳೆಯ ನೀರೇ ಎರಡು ಮೊಳ ತಗ್ಗಿತು.

ಆಗ ಮೀನುಗಳ ವಿಷಯ ಓದಿದ ಹೆಂಗಸೊಬ್ಬಳು ಬಂದಳು; ಪಂತಾ ಅವಳನ್ನು ಗುಹೆಗೆ ಕರೆದೊಯ್ದ. ಗುಹೆಯೊಳಗಿನ ಜಲಪಾತದ ಬಂಡೆಯ ಮೇಲೆ ಬೆರಳುದ್ದದ, ಕಣ್ಣಿಲ್ಲದ ಬಿಳಿಚು ಮೀನೊಂದು ಹಲ್ಲಿಯ ಹಾಗೆ ಹತ್ತುತ್ತಿತ್ತು.

“ಅಂಟ್ಕೊಂಡು ತೆವಳ್ತದೆ ಅಷ್ಟೆ,” ಎಂದ ಪಂತಾ.

“ಇಲ್ಲ ದೊಡ್ಡಪ್ಪ, ನಡೀತದೆ,” ಎಂದು ಅವಳು ಮೂಳೆಯ ಚಿತ್ರ ತೋರಿಸಿದಳು. “ಬೇರೆ ಮೀನಿಗೆ ಸೊಂಟದ ಮೂಳೆ ಮಾಂಸದಲ್ಲಿ ಸುಮ್ನೆ ಹುದುಗಿರ್ತದೆ. ಇದಕ್ಕೆ ನೋಡಿ, ದಪ್ಪ ಪಕ್ಕೆಲುಬಿಂದ ಬೆನ್ನುಮೂಳೆಗೇ ಬಿಗಿದಿದೆ. ನಮ್ಮ ಹಾಗೆ.”

ಪಂತಾ ನೇರ ನನ್ನ ಬಳಿ ಬಂದ. “ಅಣ್ಣಾ, ನಾನು ತಿಂದಿದ್ರಲ್ಲಿ ಒಂದಾದ್ರೂ ಗುಟ್ಟಾಗಿ ನಡೆದಿದ್ರೆ? ಅದಕ್ಕೇ ಇವಳು ಏಳ್ತಾ ಇಲ್ವಾ?”

“ಮೀಸೆಮೀನು ಮಳೇಲಿ ಗದ್ದೆಯಿಂದ ಗದ್ದೆಗೆ ಹೋಗಲ್ವೇನೋ,” ಎಂದುಬಿಟ್ಟೆ. ನನ್ನ ನಾಲಿಗೆಗೆ ಮೂಳೆಯಿಲ್ಲ. ಅವನು ಹೆಚ್ಚು ತಿಂದದ್ದು ಅದನ್ನೇ.

ಅಂದು ಸಂಜೆ ಅವರ ಮನೆಗೆ ಹೋದರೆ, ಪಂತಾ ಸುಟ್ಟ ಮೀಸೆಮೀನನ್ನು ಬಿಡಿಸಿ, ಮೂಳೆಗಳನ್ನು ತಟ್ಟೆಯಲ್ಲಿ ಜೋಡಿಸುತ್ತ ಕೂತಿದ್ದ.

“ಊಟ ಮಾಡ್ತಿದ್ದೀಯೋ, ಮನೆ ಕಟ್ತಿದ್ದೀಯೋ?” ಎಂದಳು ಸೇಂಗ್ ಚಾಪೆಯಿಂದ.

ಅವನು ಎಲ್ಲ ಹೇಳಿದ.

“ಮೀನಿನ ಸೊಂಟ ಹುಡುಕ್ತೀಯಾ? ನಿನ್ನ ಹರಕೆ ದೆಸೆಯಿಂದ ಮನೇಲಿ ಹಂದಿ ಬೇಯ್ದೆ ನಾಲ್ಕು ತಿಂಗಳಾಯ್ತು. ನನ್ನ ಸೊಂಟಕ್ಕೆ ಶಕ್ತಿ ಎಲ್ಲಿಂದ ಬರ್ಬೇಕು? ಆ ಮೀನಾದ್ರೂ ಕೊಡು ಇಲ್ಲಿ.”

“ಬೇಡ ಕಣೇ, ಇದು ನಡೆದಿದ್ಯೋ ಇಲ್ವೋ ಇನ್ನೂ ಗೊತ್ತಾಗಿಲ್ಲ.”

ಸೇಂಗ್ ಗೋಡೆ ಹಿಡಿದು ಎದ್ದಳು. ಒಂದು, ಎರಡು, ಮೂರು ಹೆಜ್ಜೆ. ತಟ್ಟೆ ಕಿತ್ತುಕೊಂಡು ಹೊಸಿಲ ಮೇಲೆ ಕೂತು ತಿನ್ನತೊಡಗಿದಳು.

ಪಂತಾ ಅವಳ ಹೆಜ್ಜೆಗಳನ್ನು ಬೆರಳಲ್ಲಿ ಎಣಿಸಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದ.

“ಅಣ್ಣಾ, ಗೋಡೆ ಹಿಡ್ಕೊಂಡಿದ್ಲು. ಇದು ನಡೆದಿದ್ದಾ, ಅಂಟ್ಕೊಂಡು ತೆವಳಿದ್ದಾ?”

“ಹತ್ರ ಬಾ, ಹೇಳ್ತೀನಿ,” ಎಂದಳು ಸೇಂಗ್, ಮುಳ್ಳು ಉಗಿಯುತ್ತ.

ಪಂತಾ ಹತ್ತಿರ ಹೋಗಲಿಲ್ಲ. ಗುಹೆಯ ಲಾಟೀನು ಹಚ್ಚಿ ತಂದು, ದೂರದಿಂದಲೇ ಅವಳ ಸೊಂಟದ ಮೇಲೆ ಬೆಳಕು ಬಿಟ್ಟು ನೋಡುತ್ತ ನಿಂತ.