ಗುಂಡಿ ಒತ್ತಿದ ಮೇಲಿನ ಹೊತ್ತು

ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಉತ್ತರ ಬರುವವರೆಗಿನ ಅಲ್ಪಾವಧಿಯಲ್ಲಿ ಜನ ಏನೇನು ಮಾಡುತ್ತಾರೆಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಕೆಲವರು ಕಿವಿ ಕೆರೆದುಕೊಳ್ಳುತ್ತಾರೆ, ಕೆಲವರು ಕ್ಯಾಲೆಂಡರಿನಲ್ಲಿ ಮುಂದಿನ ರಜೆ ಹುಡುಕುತ್ತಾರೆ, ನಾನು ಕನ್ನಡಕ ಒರೆಸುತ್ತೇನೆ. ನಮ್ಮ ಆಫೀಸಿನ ಯಂತ್ರಗಳ ಕೃಪೆಯಿಂದ ಇಡೀ ಪುಣೆಯಲ್ಲಿ ನನ್ನಷ್ಟು ನಿರ್ಮಲ ಕನ್ನಡಕದವನು ಇನ್ನೊಬ್ಬನಿರಲಿಲ್ಲ.

ಧಾರವಾಡದಿಂದ ಬಂದು, ಇಲ್ಲಿನ ಭೋಸರಿಯ ಪಂಪು ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವನು ನಾನು. ನಮ್ಮಲ್ಲಿ ಏಳು ಸರ್ವರುಗಳಿದ್ದವು. ಸಂಬಳಕ್ಕೊಂದು, ದಾಸ್ತಾನಿಗೊಂದು, ಮಾಲು ರವಾನೆಗೊಂದು, ಹೀಗೆ. ದಿನದ ಬಹುಪಾಲು ಅವು ಸುಮ್ಮನೆ ಕೂತು ಕರೆಂಟು ತಿನ್ನುತ್ತಿದ್ದವು, ಮೈ ಬಿಸಿಯಾಗಬಾರದೆಂದು ಅವಕ್ಕೆ ಎಸಿ ಬೇರೆ. ಆ ತಂಪಿನಲ್ಲಿ ನಮ್ಮ ಮೊಸರನ್ನದ ಡಬ್ಬಿಗಳು ಹುಳಿಯಾಗದೆ ಉಳಿಯುತ್ತಿದ್ದವೆಂಬುದಷ್ಟೇ ಲೋಕೋಪಕಾರ.

ಇದನ್ನು ಸಹಿಸದ ನಾನು ಮಾಲೀಕರಿಗೆ ವರ್ಚುವಲೈಸೇಷನ್ ಎಂಬ ವಿದ್ಯೆಯನ್ನು ಬೋಧಿಸಿದೆ. ಪುಣೆಯ ಸದಾಶಿವ ಪೇಠೆಯ ಹಳೇ ವಾಡೆಯಲ್ಲಿ ಒಂದೇ ಸೂರಿನಡಿ ಏಳು ಬಿಡಾರಗಳಿರುತ್ತಿದ್ದವಲ್ಲ, ಹಾಗೆ ಒಂದೇ ಗಟ್ಟಿ ಯಂತ್ರದೊಳಗೆ ಏಳು ಯಂತ್ರಗಳು ತಮ್ಮ ತಮ್ಮ ಒಲೆ ಹೂಡಿಕೊಂಡು ಇರಬಲ್ಲವು. ಒಂದು ಕೆಟ್ಟರೆ ಉಳಿದವು ತಮ್ಮ ಪಾಡಿಗೆ ನಡೆಯುತ್ತವೆ. ಇದ್ದಂತೆಯೇ ನಕಲು ತೆಗೆದಿಟ್ಟುಕೊಳ್ಳಬಹುದು. ಹಳೆಯ ತಂತ್ರಾಂಶವನ್ನು ಒಂದಕ್ಷರ ಬದಲಿಸದೆ ಹೊಸ ದೇಹಕ್ಕೆ ತುಂಬಬಹುದು. ಮಾಲೀಕರು ಒಪ್ಪಿದರು. ಒಂದು ಭಾನುವಾರ ಏಳೂ ಯಂತ್ರಗಳ ಸಂಸಾರವನ್ನು ಹೊಸದಕ್ಕೆ ಸಾಗಿಸಿದೆ. ಸೋಮವಾರ ಎಲ್ಲ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಆಗತೊಡಗಿತು. ನನ್ನ ಕನ್ನಡಕ ಮಸುಕಾಯಿತು, ತಲೆ ಮಾತ್ರ ಮಾಳಿಗೆಗೆ ತಾಗುವಂತಾಯಿತು.

ಅದೇ ವಾರ ಸುಮಿತ್ರಾಬಾಯಿಯವರಿಂದ ಮೂರು ತಪ್ಪುಗಳಾದವು. ವಿಜಯಪುರದ ಕಡೆಯ ಈ ಹಿರಿಯ ಗುಮಾಸ್ತೆ ಮಾಲು ರವಾನೆಯ ಚಲನ್ ಬರೆಯುವವರು, ನಿವೃತ್ತಿಗೆ ಇನ್ನೆರಡು ವರ್ಷ. ಇಷ್ಟು ಕಾಲ ಅವರ ಕೈಯಿಂದ ಒಂದು ಪೆಟ್ಟಿಗೆಯೂ ದಾರಿ ತಪ್ಪಿದ್ದಿಲ್ಲ. ಈಗ ಇಂದಾಪುರದ ಕಬ್ಬಿನ ಗದ್ದೆಯವರು ಕಾಯುತ್ತಿದ್ದ ಪಂಪು ಕೊಲ್ಲಾಪುರಕ್ಕೆ ಹೋಗಿ ಕೂತಿತ್ತು. “ಬಾಈಂಚಂ ವಯ ಝಾಲಂ ಆತಾ,” ವಯಸ್ಸಾಯಿತು ಬಾಯಿಯವರಿಗೆ, ಎಂದು ನಿಟ್ಟುಸಿರಿಟ್ಟ ಮಾಲೀಕರು, ತಿಂಗಳ ಕೊನೆಗೆ ಅವರನ್ನು ಹಳೇ ಫೈಲುಗಳ ಕೋಣೆಗೆ ಕಳಿಸುವುದೆಂದರು. ಬಾಯಿ ನನ್ನೆದುರು ಬಂದು, “ರಾಯರ, ನನಗ ಏನಾಗೇದ್ರಿ? ಕಣ್ಣು ಛಲೋ ಅದಾವ, ಬುದ್ಧಿನೂ ನೆಟ್ಟಗದ. ಮತ್ತ ಹಿಂಗ್ಯಾಕ ಆಗ್ಲಿಕತ್ತೇತಿ?” ಎಂದು ಕೇಳಿದರು.

ಮಧ್ಯಾಹ್ನವೆಲ್ಲ ಅವರ ಪಕ್ಕದಲ್ಲಿ ಕೂತು ನೋಡಿದೆ. ಬೆರಳು ಒಮ್ಮೆ ಗುಂಡಿ ಒತ್ತುತ್ತಿತ್ತು, ಗಿರಾಕಿಯ ವಿವರ ಥಟ್ಟನೆ ಮೂಡುತ್ತಿತ್ತು, ಬೆರಳು ಹಿಂದೆಯೇ ಮುದ್ರಣದ ಗುಂಡಿಯನ್ನೂ ಒತ್ತಿಬಿಡುತ್ತಿತ್ತು. ಮೊದಲು ಹೀಗಿರಲಿಲ್ಲ. ಹಳೆಯ ಯಂತ್ರ ಏದುಸಿರು ಬಿಡುತ್ತ ವಿವರ ತರುವಷ್ಟರಲ್ಲಿ ಬಾಯಿ ಆರ್ಡರಿನ ಚೀಟಿಯ ಮೇಲೆ ಬೆರಳಿಟ್ಟು, ಊರು, ಹೆಸರು, ಪಂಪಿನ ನಂಬರನ್ನು ತುಟಿಯಲ್ಲೇ ಇನ್ನೊಮ್ಮೆ ಓದಿಕೊಳ್ಳುತ್ತಿದ್ದರು. ಅಯ್ಯೋ ದೇವರೇ, ಅವರ ಇಷ್ಟು ವರ್ಷಗಳ ತಪ್ಪಿಲ್ಲದ ಕೆಲಸವೆಲ್ಲ ಇದ್ದದ್ದು ಆ ವಿಳಂಬದಲ್ಲಿ! ಅದನ್ನು ಕಿತ್ತುಕೊಂಡು ಬೆನ್ನು ಚಪ್ಪರಿಸಿಕೊಂಡ ಮಹಾಶಯ ನಾನೇ.

ಯಾವ ಮಾರಾಟಗಾರನೂ ಹೇಳದ ಒಂದು ಪ್ರಯೋಜನ ಈ ವಿದ್ಯೆಗಿದೆ. ಒಳಗಿನ ಏಳರಲ್ಲಿ ಯಾವುದಕ್ಕೆ ಎಷ್ಟು ಬಲವೆಂಬುದನ್ನು ನಾನು ಕೂತಲ್ಲೇ ನಿಗದಿ ಮಾಡಬಹುದು. ಬಾಯಿಯವರ ಮಾಲು ರವಾನೆಯ ಯಂತ್ರದ ಬಲವನ್ನು, ಯಾರಿಗೂ ಹೇಳದೆ, ಹಿಂದಿನಷ್ಟಕ್ಕೇ ಇಳಿಸಿಟ್ಟೆ. ಮರುದಿನದಿಂದ ತಪ್ಪು ನಿಂತಿತು. ಹೊಸ ವ್ಯವಸ್ಥೆ ಈಗ ಕುದುರಿತೆಂದು ಮಾಲೀಕರು ಖುಷಿಪಟ್ಟು, ಫೈಲಿನ ಕೋಣೆಯ ಮಾತು ಕೈಬಿಟ್ಟರು. ಗುಪ್ತದಾನ ಮಾಡಿದವನ ಗತ್ತಿನಲ್ಲಿ ನಾನು ತಿಂಗಳೊಪ್ಪತ್ತು ಓಡಾಡಿದೆ.

ಒಂದು ಬೆಳಿಗ್ಗೆ ಬಾಯಿ ನನ್ನ ಮೇಜಿನ ಬಳಿ ನಿಂತರು. “ಬಾಜೂ ಟೇಬಲ್ಲಿನ ಹುಡುಗೀದು ಪಟಕ್ಕನ ಬರ್ತದ, ನಂದಷ್ಟ ತೆವಳ್ತದ. ನೀವ ಮಾಡೀರಿ, ಹೌದಿಲ್ರಿ?” ನಾನು ಕನ್ನಡಕ ತೆಗೆದು ಒರೆಸತೊಡಗಿದೆ. “ಭಾಳ ಉಪಕಾರ ಆತ್ರಿ. ಆದ್ರ ಈಗ ಕೈ ತಡಿಯೋದು ಕಲ್ತೀನಿ. ಮುಂಗೈ ಮ್ಯಾಲೆ ನಾನ ಒಂದೇಟು ಹಾಕ್ಕೊಂಡು ಕಲ್ತೀನ್ರಿ. ಜೋರ ಬಿಡ್ರಿ ಅದನ್ನ.”

ಬಿಟ್ಟೆ. ಬಾಯಿ ಹೋಗಿ ಕೂತು ಗುಂಡಿ ಒತ್ತಿದರು. ಪರದೆ ಕ್ಷಣಾರ್ಧದಲ್ಲಿ ತುಂಬಿತು. ಬಾಯಿ ಅದರತ್ತ ನೋಡಲೂ ಇಲ್ಲ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈ ಬೆರಳನ್ನು ಚೀಟಿಯ ಮೇಲೆ ನಿಧಾನವಾಗಿ ಸರಿಸುತ್ತ, ಇಂದಾಪುರದ ಹೆಸರನ್ನು ಎರಡನೇ ಸಲ ಓದಿಕೊಳ್ಳುತ್ತಿದ್ದರು. ಅಷ್ಟೊಂದು ಬಲದ ಯಂತ್ರ ಅವರೆದುರು ತೆಪ್ಪಗೆ ಕಾಯುತ್ತಿತ್ತು.