ಬಾಗಿಲಿಗೆ ಬೆನ್ನು ಕೊಟ್ಟ ಲೊರೆಟಾ

ಅಮೆರಿಕದ ದೊಡ್ಡ ಊರುಗಳಲ್ಲಿ ಬೀದಿಗೊಂದು ಹೈಸ್ಕೂಲು ಇದ್ದೀತು. ಹುಲ್ಲುಗಾವಲಿನ ನಡುವಿನ ನಮ್ಮ ಡೋರ್ಸಿಗೆ ಇದ್ದದ್ದು ಒಂದೇ, ಅದೂ ಸರ್ಕಾರದ್ದು. ಅಲ್ಲಿ ನಾನು ಅಡುಗೆಯವಳು, ಲೊರೆಟಾ ಕುಚೇರಾ ಲೆಕ್ಕದ ಮೇಡಂ. ಹೆದರಿಕೆ ಅವಳ ಹುಟ್ಟುಗುಣ. ಮೋಡ ಕಟ್ಟಿದರೆ ಸುಂಟರಗಾಳಿ ಎನ್ನುವಳು, ಯಾರಾದರೂ ಸೀನಿದರೆ ಜ್ವರ ಎನ್ನುವಳು. ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು.

ಆ ವರ್ಷ ಮಾತ್ರ ನಗು ಬರಲಿಲ್ಲ. ರಾಜ್ಯದ ಪರೀಕ್ಷೆಯಲ್ಲಿ ನಮ್ಮ ಶಾಲೆ ಸತತ ಎರಡು ವರ್ಷ ತೀರ ಕೆಳದರ್ಜೆಗೆ ಬಿದ್ದಿತ್ತು. ಇನ್ನೊಮ್ಮೆ ಬಿದ್ದರೆ ಬೀಗ. ಮಕ್ಕಳೆಲ್ಲ ಬಸ್ಸಿನಲ್ಲಿ ನಲವತ್ತು ಮೈಲಿ ದೂರದ ಹ್ಯಾಲ್ಸನ್‌ಗೆ. ಪರೀಕ್ಷೆ ಬರೆಯುವವರು ಇದ್ದದ್ದೇ ಒಂಬತ್ತು ಜನ. ನಡುವೆ ಎದ್ದು ಹೋದವರಿಗೆ ಸೊನ್ನೆ. ಏಪ್ರಿಲ್ ಎಂದರೆ ಹಸುಗಳು ಕರು ಹಾಕುವ ಕಾಲ. ಮಕ್ಕಳನ್ನು ಕೆಲಸಕ್ಕೆಂದು ಉಳಿಸಿಕೊಂಡಾರು ಎಂದು ಲೊರೆಟಾ ಮನೆಮನೆಗೂ ಫೋನ್ ಮಾಡಿ ಗೋಗರೆದಳು. ಒಂಬತ್ತೂ ಜನ ಬಂದರು.

ಅರ್ಧ ಪರೀಕ್ಷೆ ಆಗಿತ್ತೋ ಏನೋ, ಬೆಂಕಿಯ ಸೈರನ್ ಕೂಗಿತು. ಡೋರ್ಸಿಯಲ್ಲಿ ಬೆಂಕಿ ಆರಿಸಲು ಸಂಬಳದವರಿಲ್ಲ. ಹಗಲಲ್ಲಿ ಗಂಡಸರೆಲ್ಲ ದೂರದ ಹೊಲಗಳಲ್ಲಿ. ನೀರಿನ ಲಾರಿ ಹತ್ತುವುದು ಹೈಸ್ಕೂಲಿನ ಮಕ್ಕಳೇ, ಅವರ ಅಪ್ಪಂದಿರ ಕಾಲದಿಂದಲೂ ಹಾಗೆಯೇ. ನಾನು ಅಡುಗೆಮನೆಯಿಂದ ಪರೀಕ್ಷೆಯ ಕೋಣೆಗೆ ಓಡಿಬಂದೆ. ಬಾಗಿಲಿನ ಗಾಜಿನಲ್ಲಿ ಕಂಡದ್ದು ಲೊರೆಟಾಳ ಬೆನ್ನು. ಅವಳೆದುರು ಐದು ಮಕ್ಕಳು ಎದ್ದು ನಿಂತಿದ್ದರು.

"ಕೂತ್ಕೊಳ್ರೋ! ಹೋದ್ರೆ ಮತ್ತೆ ಒಳಗೆ ಸೇರ್ಸೋ ಹಾಗಿಲ್ಲ. ಸ್ಕೂಲೇ ಹೋಗುತ್ತೆ!"

"ಹೊಗೆ ನೋಡಿ ಮೇಡಂ," ಎಂದಳು ಟೆಸ್ಸಾ ಎಂಬ ಹುಡುಗಿ ಕಿಟಕಿಯತ್ತ ಕೈ ತೋರಿಸಿ. "ಮೆರ್ಲ್ ಅಜ್ಜನ ಮನೆ ಕಡೆ. ಅವ್ರಿಗೆ ನಡಿಯಕ್ಕಾಗಲ್ಲ."

"ಬೇರೆ ಯಾರಾದ್ರೂ ಹೋಗ್ತಾರೆ."

"ಯಾರು ಮೇಡಂ?"

ಲೊರೆಟಾ ಕಿಟಕಿಯಾಚೆಯ ಹೊಗೆಯನ್ನೇ ನೋಡಿದಳು. ಕೊನೆಗೆ ಅವಳೇ ತಿರುಗಿ ಬಾಗಿಲು ತೆಗೆದಳು. "ಹೋಗಿ, ಬೇಗ ಹೋಗಿ. ಹುಷಾರು ಕಣ್ರೋ!"

ಆಮೇಲಿನ ಹೊತ್ತು ಯಾರಿಗೂ ಬೇಡ. ಗಾಳಿ ದಿಕ್ಕು ಬದಲಿಸಿತೆಂದು ರೇಡಿಯೋದಲ್ಲಿ ಕೇಳಿದಾಗ ಅವಳು ನನ್ನ ತೋಳು ಹಿಡಿದುಕೊಂಡಳು. "ಇರ್ಮಾ, ನಾನೇ ಕಳಿಸಿದ್ನಲ್ಲೇ. ಒಬ್ರಿಗೆ ಏನಾದ್ರೂ ಆದ್ರೆ?"

"ಸುಮ್ನಿರೆ, ಬರ್ತಾರೆ," ಎಂದೆ.

ಬಂದರು. ಅಜ್ಜನನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಮಸಿ ಮೆತ್ತಿದ ಮುಖದಲ್ಲಿ ಐವರೂ ಬಂದರು. ಲೊರೆಟಾ ಒಬ್ಬೊಬ್ಬರ ಕೆನ್ನೆಯನ್ನೂ ಮುಟ್ಟಿ ನೋಡಿದಳು.

ಜೂನ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಬೆಂಕಿಯ ವಿಷಯ ಹೇಳಿಕೊಂಡರೆ, ಎದ್ದು ಹೋದವರು ಎದ್ದು ಹೋದವರೇ ಎಂದರು ರಾಜ್ಯದ ಅಧಿಕಾರಿಗಳು. ಕುರ್ಚಿಯಲ್ಲಿ ಕೂತವರಿಗೆ ಹೊಗೆ ಎಲ್ಲಿ ಕಂಡೀತು!

ಮರುವರ್ಷ ಹುಲ್ಲು ಒಣಗಿದ ಹೊತ್ತಿಗೆ, ಹಾಡಹಗಲೇ ಸೈರನ್ ಕೂಗಿತು. ಮಕ್ಕಳೆಲ್ಲ ಹ್ಯಾಲ್ಸನ್‌ನಲ್ಲಿ. ನಾನು ಹೋದಾಗ ಲಾರಿಯಲ್ಲಿ ಅಂಚೆಯ ಮುದುಕ ಓರಿನ್ ಒಬ್ಬನೇ ಇದ್ದ. ಲಾರಿಯ ಪಕ್ಕದಲ್ಲಿ ಯಾರೋ ಬೆಂಕಿ ಆರಿಸುವವರ ಅಳತೆ ಮೀರಿದ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದರು. ನೋಡಿದರೆ ಲೊರೆಟಾ. ಅರವತ್ತು ದಾಟಿದ ಹೆಂಗಸು, ಮುಖದಲ್ಲಿ ರಕ್ತವೇ ಇಲ್ಲ.

"ಕೈಕಾಲು ನಡುಗ್ತಿದೆ ಕಣೇ ಇರ್ಮಾ," ಎಂದಳು. "ನೀನು ಆ ಕಡೆಯಿಂದ ಹತ್ತು."